ಸವೆದ ತಲೆಯ ಸ್ಕ್ರೂ

ಕೈಲಾಗದವರು ಎಂಬ ಮಾತು ಅಂಗಡಿಯ ಮೆಟ್ಟಿಲಿಳಿದ ಮೇಲೂ ಅವಳ ಬೆನ್ನು ಬಿಡಲಿಲ್ಲ. ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎದುರು ಬಂದವರಿಗೆ ದಾರಿ ಬಿಡದೆ ನಡೆದಳು. ರಿಪೇರಿಯವನು ಬೇಕೆಂದು ಅಂದದ್ದಲ್ಲ, ಅದು ಅವಳಿಗೂ ಗೊತ್ತು. ಲ್ಯಾಪ್‌ಟಾಪನ್ನು ಬೋರಲು ಹಾಕಿ, ತಳದ ಸ್ಕ್ರೂಗಳನ್ನೆಲ್ಲ ಪಟಪಟನೆ ಬಿಚ್ಚಿ ಒಂದು ಮುಚ್ಚಳದೊಳಗೆ ಹಾಕಿಕೊಂಡು, ಮುಂದಿನ ಅಂಚಿನ ನಡುವೆ ಇದ್ದ ಒಂದೇ ಒಂದು ಸ್ಕ್ರೂ ಹತ್ತಿರ ಬಂದು ನಿಂತುಬಿಟ್ಟಿದ್ದ. ಭೂತಗನ್ನಡಿ ಹಿಡಿದು ಬಗ್ಗಿ ನೋಡಿದ್ದ. "ಇದರ ತಲೆ ಪೂರ್ತಿ ಸವೆದಿದೆಯಲ್ಲಮ್ಮ. ಪ್ಲಸ್ ಗುರುತೇ ಇಲ್ಲ, ಬರೀ ಗುಂಡಿ. ಯಾರು ಹಾಕಿದ್ದು?" ನಮ್ಮನೆಯವರು ಅಂದಳು. "ಒತ್ತಿ ಹಿಡಿದು ತಿರುಗಿಸಬೇಕು. ಒತ್ತದೆ ತಿರುಗಿಸಿದ್ರೆ ಸ್ಕ್ರೂ ಡ್ರೈವರ್ ಎದ್ದೆದ್ದು ಬರುತ್ತೆ, ತಲೆ ತಿಂದುಹಾಕುತ್ತೆ. ಉಳಿದವೂ ನೋಡಿ, ಬೆರಳಲ್ಲಿ ಮುಟ್ಟಿದ್ರೆ ಬಂದ್ವು. ಕೈಲಾಗದವರು ಮಾಡೋ ಕೆಲಸ ಇದು." ಅವಳ ತಲೆಗೆ ಸರ್ರನೆ ರಕ್ತ ಏರಿತ್ತು. "ಯಾರಿಗ್ರೀ ಕೈಲಾಗದವರು ಅಂತೀರಿ? ನಮ್ಮನೆಯವರು ಲಿಫ್ಟ್ ಮೆಕ್ಯಾನಿಕ್. ನೀವು ದಿನಾ ಹತ್ತಿ ಇಳಿಯೋ ಲಿಫ್ಟು ಅಂಥವರು ಬಿಗಿದಿದ್ದಕ್ಕೇ ನಿಂತಿರೋದು." "ಈ ಕಟ್ಟಡಕ್ಕೆ ಲಿಫ್ಟೇ ಇಲ್ವಲ್ಲಮ್ಮ," ಎಂದ ಅವನು ತಣ್ಣಗೆ. ಪಕ್ಕದಲ್ಲಿ ಫೋನಿನ ಗಾಜು ಬದಲಿಸಲು ಬಂದಿದ್ದ ಹೆಂಗಸು ಕಿಸಕ್ಕನೆ ನಕ್ಕಳು. "ಅಷ್ಟು ಗಟ್ಟಿಗರಾದ್ರೆ ಅವರನ್ನೇ ಕಳಿಸಿ, ಬಿಚ್ಚಿಕೊಟ್ಟು ಹೋಗಲಿ." ಅವಳು ಬಾಯಿ ತೆರೆದಳು. ಹೇಳಬೇಕಾಗಿದ್ದ ಮಾತು ಒಂದು, ಬಂದದ್ದು ಇನ್ನೊಂದು. "ಅವರಿಗೆ ಪುರುಸೊತ್ತಿಲ್ಲ," ಅಂದಳು.

ಪುರುಸೊತ್ತಿಲ್ಲ. ರಸ್ತೆ ದಾಟುವಾಗ ಆ ಮಾತನ್ನು ತಾನೇ ಮತ್ತೊಮ್ಮೆ ಕೇಳಿಸಿಕೊಂಡು ಅವಳಿಗೆ ಮೈ ಜುಮ್ಮೆಂದಿತು. ಸತ್ತು ವರ್ಷ ತುಂಬುತ್ತ ಬಂದ ಮನುಷ್ಯನಿಗೆ ಪುರುಸೊತ್ತಿಲ್ಲ. ಹಾಗೆ ನೋಡಿದರೆ ಅದು ಸುಳ್ಳೂ ಅಲ್ಲ. ಮನೆಯಲ್ಲಿ ಅವನಿನ್ನೂ ಕೆಲಸ ಮಾಡುತ್ತಲೇ ಇದ್ದ. ಬಚ್ಚಲಿನ ನಲ್ಲಿಯನ್ನು ಅವನು ಒಮ್ಮೆ ಬಿಗಿದದ್ದು ಇವತ್ತಿಗೂ ಹನಿ ಬಿಟ್ಟಿಲ್ಲ. ಗೋಡೆಯ ಗೂಡಿನ ಬಾಗಿಲಿನ ಕೀಲು ಅಲುಗಿಲ್ಲ. ಮೇಲಿನ ಹಲಗೆಯಲ್ಲಿ ತಿರುಪು ಮುಚ್ಚಳದ ಒಂದು ಸ್ಟೀಲ್ ಡಬ್ಬಿ ಇದೆ, ಅವನು ಮುಚ್ಚಿಟ್ಟದ್ದು, ಅದನ್ನು ತೆರೆಯಲು ಅವಳ ಕೈಲಿ ಆಗಲಿಲ್ಲ, ಪಕ್ಕದ ಮನೆಯವರ ಕೈಲೂ ಆಗಲಿಲ್ಲ, ಒಳಗೇನಿದೆ ಎಂಬುದು ಈಗ ಯಾರಿಗೂ ನೆನಪಿಲ್ಲ. ಸಡಿಲ ಬಿಟ್ಟರೆ ಜನ ಸಾಯ್ತಾರೆ ಕಣೇ, ಎನ್ನುತ್ತಿದ್ದ. ಲಿಫ್ಟಿನಲ್ಲಿ ಸಾಯ್ತಾರೆ, ಉಪ್ಪಿನ ಡಬ್ಬಿಯಲ್ಲಿ ಯಾರ್ರೀ ಸಾಯ್ತಾರೆ, ಎಂದು ಅವಳು ರೇಗುತ್ತಿದ್ದಳು. ಜಗಳ ಅಲ್ಲಿಂದ ಶುರುವಾಗಿ ಎಲ್ಲಿಗೋ ಹೋಗುತ್ತಿತ್ತು. ಅವಳ ಬಾಯಿ ಬೆಂಕಿ, ಅವನ ಕೈ ಕಬ್ಬಿಣ, ನಡುವೆ ನಾನು ಇದ್ದಿಲು, ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಮನುಷ್ಯ ಹೋದ, ಅವನ ಕೈಯ ಬಿಗಿ ಹೋಗಿಲ್ಲ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಯಾವ ಮುಚ್ಚಳ ಹಿಡಿದರೂ ಆ ಕಡೆಯಿಂದ ಯಾರೋ ಹಿಡಿದುಕೊಂಡ ಹಾಗೆ. ಕೊಡ್ರೀ ಎಂದು ಖಾಲಿ ಅಡುಗೆಮನೆಯಲ್ಲಿ ಗದರಿದ್ದೂ ಉಂಟು.

ಮನೆಗೆ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. ಅವರಿಗೆ ಕಣ್ಣು ಮಂಜು, ಬೆರಳಿಗೇ ಕಣ್ಣಿತ್ತು. "ಆಯ್ತಾ?" ಎಂದರು. "ಆಗ್ಲಿಲ್ಲ. ತಳ ಒಡೀಬೇಕಂತೆ." "ಒಡೀತೀನಿ ಅಂದನಾ?" "ಹ್ಞೂಂ. ಬ್ಯಾಟರಿ ಊದಿಕೊಂಡಿದೆ, ಹೀಗೇ ಇಟ್ಕೊಂಡ್ರೆ ಯಾವತ್ತಾದ್ರೂ ಹೊತ್ಕೊಳ್ಳುತ್ತೆ, ಬಿಟ್ಟುಹೋಗಿ ಅಂದ. ನಾನು ಬಿಡಲಿಲ್ಲ." "ಜಗಳ ಆಡಿ ಬಂದ್ಯಾ?" "ನಾನ್ಯಾಕೆ ಜಗಳ ಆಡ್ಲಿ?" ಅತ್ತೆ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದರು. "ಆ ಸ್ಕ್ರೂ ಎದುರಿಗೆ ಕೂತು ನಾಲ್ಕು ಮಾತು ಬೈದು ನೋಡು. ನಿನ್ನ ಬಾಯಿಗೆ ಹೆದರಿ ತಾನಾಗೇ ಎದ್ದು ಬರುತ್ತೆ." ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ಮೇಜಿನ ಮೇಲೆ ಹಳೆಯ ಟವೆಲು ಹಾಸಿ, ಲ್ಯಾಪ್‌ಟಾಪನ್ನು ಬೋರಲು ಇಟ್ಟು, ಅವನ ಟೂಲ್ ಬ್ಯಾಗನ್ನು ಮಂಚದ ಕೆಳಗಿನಿಂದ ಎಳೆದಳು. ಬ್ಯಾಗಿನಿಂದ ಗ್ರೀಸಿನ ವಾಸನೆ ಎದ್ದು ಕೋಣೆಯನ್ನು ತುಂಬಿತು. ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು.

ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಮಾತಿನಲ್ಲಿ ಹೇಳಿಟ್ಟ ಟಿಪ್ಪಣಿಗಳನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಎಲ್ಲಿಯವರೋ, ಯಾರ ಕಾಯಿಲೆಯೋ, ಅವಳಿಗೆ ಸಂಬಂಧವಿಲ್ಲ. ದನಿ ಹೇಳುತ್ತ ಹೋಗುತ್ತದೆ, ಬೆರಳು ಹೊಡೆಯುತ್ತ ಹೋಗುತ್ತದೆ. ಕೆಲವು ವಾರಗಳಿಂದ ಕೆಲಸದ ನಡುವೆ ಪರದೆಯ ಮೇಲಿನ ಬಾಣ ತಾನಾಗಿಯೇ ಓಡತೊಡಗಿತ್ತು. ಅವಳು ಮುಟ್ಟದೆಯೇ ಮೂಲೆಗೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು, ಏನನ್ನೋ ಹುಡುಕುವ ಬೆರಳಿನ ಹಾಗೆ. ಮೊದಲ ದಿನ ಅವಳು ಹೆಡ್‌ಫೋನ್ ತೆಗೆದು ಹಿಂದಕ್ಕೆ ತಿರುಗಿ ನೋಡಿದ್ದಳು. "ಏನ್ರೀ, ಈಗಲೂ ಸುಮ್ಮನಿರಲ್ವಾ?" ಎಂದು ಸಿಟ್ಟಿನಿಂದಲೇ ಕೇಳಿದ್ದಳು. ಉಬ್ಬಿದ ಬ್ಯಾಟರಿ ಕೆಳಗಿನಿಂದ ಟಚ್‌ಪ್ಯಾಡನ್ನು ಒತ್ತುತ್ತಿದೆ, ಅದಕ್ಕೆ ಹಾಗೆ, ಎಂದು ಇವತ್ತು ರಿಪೇರಿಯವನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ. ಕಾರಣ ತಿಳಿದದ್ದರಿಂದ ಹೆದರಿಕೆ ಹೋಗಬೇಕಿತ್ತು. ಹೋಗಿರಲಿಲ್ಲ. ಆ ತಳದೊಳಗೆ ಏನೋ ಊದಿಕೊಂಡು ಕೂತಿದೆ, ಅದರ ಮೇಲೆ ಅವನು ಹಾಕಿದ ಸ್ಕ್ರೂ ಇದೆ, ಅದನ್ನು ಅವನು ಯಾವ ಹೊತ್ತಿನಲ್ಲಿ ಹಾಕಿದ ಎಂಬುದು ಅವಳಿಗೆ ಗೊತ್ತು.

ಅದೊಂದು ರಜೆಯ ದಿನ. ಫ್ಯಾನು ಗುಂಯ್‌ಗುಡುತ್ತೆ, ಡಾಕ್ಟರ ದನಿ ಕೇಳಿಸಲ್ಲ, ಎಂದು ಅವಳೇ ಗೊಣಗಿದ್ದಳು. ಕೊಡು, ಧೂಳು ತೆಗೆದುಕೊಡ್ತೀನಿ ಎಂದು ಅವನು ನೆಲದ ಮೇಲೆ ಪೇಪರು ಹಾಸಿ ಕೂತ. ಬಿಚ್ಚಿದ್ದು ಬೇಗ ಆಯಿತು. ಮುಚ್ಚುವುದು ಮುಗಿಯಲೇ ಇಲ್ಲ. ಅವನ ಜೊತೆ ಕೆಲಸ ಮಾಡುವ ಉದ್ದಣ್ಣ, ಲಿಫ್ಟಿನ ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ ಇದ್ದದ್ದಕ್ಕೆ ಎಲ್ಲರಿಗೂ ಉದ್ದಣ್ಣ, ಟೂಲ್ ಬ್ಯಾಗ್ ಕೊಟ್ಟುಹೋಗಲು ಬಂದವನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಅವಳಿಗೆ ಕಳಿಸಬೇಕಾದ ಕೆಲಸ ರಾಶಿ ಬಿದ್ದಿತ್ತು. ಎರಡು ಸಲ ಬಂದು ನೋಡಿ ಹೋದಳು. ಮೂರನೇ ಸಲ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ನೋಡಿ ಉದ್ದಣ್ಣ, ಅಷ್ಟು ದೊಡ್ಡ ಲಿಫ್ಟನ್ನ ಮೇಲೆ ಕೆಳಗೆ ಓಡಾಡಿಸೋ ಸಾಹೇಬ್ರನ್ನ ಸಾಸಿವೆ ಕಾಳಿನಷ್ಟು ಸ್ಕ್ರೂ ಕೂರಿಸಿಬಿಟ್ಟಿದೆ," ಎಂದು ನಕ್ಕಳು. ಉದ್ದಣ್ಣ ಚಪ್ಪಾಳೆ ತಟ್ಟಿಕೊಂಡು ನಕ್ಕ. ಗಂಡ ನಗಲಿಲ್ಲ. ಇಬ್ಬರಿಗೂ ಬೆನ್ನು ಮಾಡಿ ತಿರುಗಿ ಕೂತ. ಆಮೇಲೆ ಆ ಸದ್ದು. ಕಬ್ಬಿಣ ಕಬ್ಬಿಣವನ್ನು ಕೆರೆಯುವ ಸದ್ದು, ಮತ್ತೆ ಮತ್ತೆ, ನಿಲ್ಲಿಸಿ ನಿಲ್ಲಿಸಿ. ಅವಳು ಒಳಗೆ ಹಲ್ಲು ಕಚ್ಚಿಕೊಂಡು ಕೇಳಿದಳು. ಸಿಟ್ಟು ತೀರಿಸಿಕೊಳ್ತಾ ಇದ್ದಾರೆ, ನನ್ನ ಕತ್ತು ಅಂದುಕೊಂಡೇ ಬಿಗೀತಾ ಇದ್ದಾರೆ, ಎಂದುಕೊಂಡಳು. ಕೊನೆಗೆ ಬಂದು ಲ್ಯಾಪ್‌ಟಾಪನ್ನು ಎಡಗೈಯಲ್ಲಿ ಮುಂದೆ ಚಾಚಿದ. ಭಿಕ್ಷೆ ಹಾಕುವವರೂ ಎಡಗೈಯಲ್ಲಿ ಹಾಕುವುದಿಲ್ಲ. "ತಗೋ. ಇನ್ನಿದನ್ನ ಯಾರ ಕೈಲೂ ಬಿಚ್ಚೋಕಾಗಲ್ಲ," ಅಂದ. ಅವಳು ಕಸಿದುಕೊಂಡಳು. ಆಮೇಲೆ ಅವರು ಮಾತಾಡಲಿಲ್ಲವೆಂದಲ್ಲ. ನೀರು ಬಂತಾ, ಬಾಗಿಲು ಹಾಕಿದ್ಯಾ, ನಾಳೆ ಬೇಗ ಹೋಗ್ಬೇಕು. ಅಂಥ ಮಾತು ಬೇಕಾದಷ್ಟು ಆಡಿದರು. ಸ್ವಲ್ಪ ದಿನಕ್ಕೆ ಅವನು ಕೆಲಸದ ಜಾಗದಲ್ಲಿ ಬಿದ್ದ. ತಲೆಯೊಳಗೆ ಗಡ್ಡೆ ಇತ್ತು, ಬಹಳ ಹಿಂದಿನಿಂದ ಬೆಳೆದಿತ್ತು ಎಂದರು. ಬಿದ್ದವನು ಮತ್ತೆ ಮಾತಾಡಲಿಲ್ಲ. ಆದ್ದರಿಂದ ಅವನು ಅವಳಿಗೆಂದು ಬಿಗಿದ ಕೊನೆಯ ವಸ್ತು ಆ ಸ್ಕ್ರೂ, ಅದರೊಳಗೆ ಇರುವುದು ಅವನ ಸಿಟ್ಟು, ಅದನ್ನು ಬಿಟ್ಟು ಬೇರೇನೂ ಅವನು ಬಿಟ್ಟುಹೋಗಲಿಲ್ಲ, ಎಂದು ಅವಳು ವರ್ಷವಿಡೀ ನಂಬಿದ್ದಳು. ತಳ ಒಡೆಸಿದರೆ ಆ ಸಿಟ್ಟು ಹಾಗೇ ಉಳಿಯುತ್ತದೆ. ಅದನ್ನು ತಾನೇ ತಿರುಗಿಸಿ ತೆಗೆಯಬೇಕು, ಅವನ ಕೈಗೆ ಎದುರಾಗಿ ತನ್ನ ಕೈ ಹಚ್ಚಿ ಬಿಡಿಸಿಕೊಳ್ಳಬೇಕು. ಸಿಟ್ಟಿನಲ್ಲೇ ಹೋದನೆ ಎಂಬ ಪ್ರಶ್ನೆಗೆ ಆಮೇಲಾದರೂ ನಿದ್ದೆ ಬರಬಹುದು.

ಮೊದಲು ಒಂದು ರಬ್ಬರ್ ಬ್ಯಾಂಡನ್ನು ಸವೆದ ತಲೆಯ ಮೇಲಿಟ್ಟು ಡ್ರೈವರ್ ಊರಿ ತಿರುಗಿಸಿದಳು. ಎಲ್ಲರೂ ಹೇಳುವ ಉಪಾಯ. ರಬ್ಬರು ಪುಡಿಪುಡಿಯಾಗಿ ಬಂತು, ಸ್ಕ್ರೂ ಇದ್ದಲ್ಲೇ ಇತ್ತು. ಜೋರಾಗಿ ಒತ್ತಲು ಧೈರ್ಯ ಬರಲಿಲ್ಲ. ನೇರ ಕೆಳಗೇ ಬ್ಯಾಟರಿ, ಕೈ ಜಾರಿ ಮೊನೆ ಒಳಗೆ ಹೋದರೆ ಮುಗಿಯಿತು. ಒತ್ತದೆ ತಿರುಗಿಸಿದಾಗ ಡ್ರೈವರ್ ಎದ್ದೆದ್ದು ಬಂತು, ಕರ್ ಎಂದಿತು. ಆ ಸದ್ದು ಅವಳಿಗೆ ಗುರುತು ಸಿಕ್ಕಿತು. ಅಂಗಡಿಯವನ ಮಾತು ಮತ್ತೆ ಕಿವಿಗೆ ಬಂತು, ಅದನ್ನು ನೊಣದ ಹಾಗೆ ಓಡಿಸಿದಳು. "ಏನಂತೆ?" ಎಂದರು ಅತ್ತೆ. "ಏನೂ ಇಲ್ಲ. ನಿಮ್ಮ ಮಗನ ಹಟ." "ಮಗಂದು ಹಟ, ಸೊಸೇದು ಹಟ. ಮಧ್ಯೆ ಆ ಮಿಷನ್ನು ಸಾಯ್ತಾ ಇದೆ." ಅತ್ತೆಯ ಮುಖ ಕಿಟಕಿಯ ಕಡೆಗೇ ತಿರುಗಿತ್ತು. ಈ ಮುದುಕಿ ಅಳುವುದನ್ನು ಅವಳು ನೋಡಿರಲಿಲ್ಲ. ಆಸ್ಪತ್ರೆಯಲ್ಲೂ ಇಲ್ಲ. ಹಸಿರು ಬಣ್ಣ ಬಳಿದ ಆ ಉದ್ದನೆಯ ಕಾರಿಡಾರಿನಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು, ಡಾಕ್ಟರು ಇವಳನ್ನು ಮಾತ್ರ ಒಳಗೆ ಕರೆದಿದ್ದ. ಇತ್ತೀಚೆಗೆ ಕೈಯ ಬಲ ಕಡಿಮೆ ಆಗಿತ್ತಾ, ಎಂದು ಕೇಳಿದ. ದಿನವೂ ಟೈಪ್ ಮಾಡುವ ವಾಕ್ಯ ಅದು. ಬೆರಳಿಗೆ ಎಷ್ಟು ಪಾಠವಾಗಿತ್ತೆಂದರೆ ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. "ಇಲ್ಲ ಡಾಕ್ಟ್ರೇ. ಅವರ ಕೈ ಕಬ್ಬಿಣ. ಅವರು ಬಿಗಿದದ್ದನ್ನ ಯಾರೂ ಬಿಚ್ಚೋಕಾಗಲ್ಲ," ಎಂದಿದ್ದಳು, ಸ್ವಲ್ಪ ಹೆಮ್ಮೆಯಿಂದಲೇ. ಡಾಕ್ಟರು ತಲೆಯಾಡಿಸಿ ಬರೆದುಕೊಂಡ.

ಟೂಲ್ ಬ್ಯಾಗಿನಲ್ಲಿ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ಮುರಿದ ತುಂಡೊಂದು ಸಿಕ್ಕಿತು. ಹಿಡಿಯುವ ತುದಿಗೆ ಅವನು ಬಟ್ಟೆ ಸುತ್ತಿ ನೂಲು ಬಿಗಿದಿದ್ದ. ಸ್ಕ್ರೂವಿನ ತಲೆ ತಳದ ಮಟ್ಟಕ್ಕಿಂತ ತುಸು ಮೇಲೆ ನಿಂತಿತ್ತು. ಬ್ಯಾಟರಿ ಉಬ್ಬಿ ಮೇಲಕ್ಕೆ ನೂಕಿರಬೇಕು, ಒಳ್ಳೆಯದೇ ಆಯಿತು, ಎಂದುಕೊಂಡಳು. ಆ ತಲೆಯ ಮೇಲೆ ಅಡ್ಡಲಾಗಿ ಒಂದು ಗೀರು ಕೊರೆದರೆ ಚಪ್ಪಟೆ ಮೊನೆಯ ಡ್ರೈವರಿಗೆ ಹಿಡಿತ ಸಿಗುತ್ತದೆ. ಟವೆಲಿನ ಅಂಚನ್ನು ಸುತ್ತ ಒತ್ತಿ, ಬ್ಲೇಡನ್ನು ಮಲಗಿಸಿ ಹಿಡಿದು, ಉಸಿರು ಕಟ್ಟಿ ಎಳೆದಳು. ಕಬ್ಬಿಣದ ಸಣ್ಣ ಹೊಳಪಿನ ಪುಡಿ ಟವೆಲಿನ ಮೇಲೆ ಉದುರಿತು. ನೀವು ಎಷ್ಟು ಸಿಟ್ಟು ಮಾಡಿಕೊಂಡಿದ್ರಿ ನೋಡೇಬಿಡ್ತೀನಿ, ಎಂದು ಒಳಗೊಳಗೇ ಹೇಳಿಕೊಂಡಳು. ಒಂದು ನಗುವಿಗೆ ಇಷ್ಟಾ? ಉದ್ದಣ್ಣನ ಮುಂದೆ ಒಂದು ಮಾತು ಬಾಯಿ ತಪ್ಪಿ ಬಂದಿದ್ದಕ್ಕೆ ಇಷ್ಟಾ? ನೀವು ನನ್ನನ್ನ ನಿಮ್ಮಕ್ಕನ ಮದುವೆ ಮನೆಯಲ್ಲಿ ಎಲ್ಲರ ಮುಂದೆ ಅಂದಿರಲಿಲ್ವಾ, ಇವಳ ಬಾಯಿಗೊಂದು ಬೀಗ ಮಾಡಿಸ್ಬೇಕು ಅಂತ? ನಾನು ನಕ್ಕು ಸುಮ್ಮನಾಗಲಿಲ್ವಾ? ಸುಮ್ಮನಾಗಿರಲಿಲ್ಲ, ಅಲ್ಲೇ ತಟ್ಟೆ ಸರಿಸಿ ಎದ್ದು ಬಂದಿದ್ದಳು, ಅದೂ ನೆನಪಾಯಿತು. ಬ್ಲೇಡು ಮುಂದೆ ಹೋಯಿತು, ಹಿಂದೆ ಬಂತು. ಮುಂದೆ ಹೋದಾಗ ಸ್ಕ್ರೂವಿನ ತಲೆ ಅದರ ಜೊತೆ ತುಸು ಮುಂದಕ್ಕೆ ವಾಲಿತು. ಹಿಂದೆ ಬಂದಾಗ ಹಿಂದಕ್ಕೆ ವಾಲಿತು.

ಅವಳು ಕೈ ನಿಲ್ಲಿಸಿದಳು. ಕಣ್ಣು ತಪ್ಪಿರಬೇಕು ಎಂದುಕೊಂಡು ಉಗುರಿನಿಂದ ತಲೆಯನ್ನು ಮುಟ್ಟಿ ನೋಡಿದಳು. ಅಲ್ಲಾಡಿತು. ಬೀಳುವ ಮೊದಲು ಮಕ್ಕಳ ಹಲ್ಲು ಅಲ್ಲಾಡುತ್ತದಲ್ಲ, ಹಾಗೆ. ಚಪ್ಪಟೆ ಡ್ರೈವರನ್ನು ಗೀರಿನೊಳಗೆ ಕೂರಿಸಿದಳು. ಭುಜವನ್ನು ಗಟ್ಟಿ ಮಾಡಿಕೊಂಡು, ಹಲ್ಲು ಕಚ್ಚಿ, ಅವನ ಅಷ್ಟೂ ಬಲಕ್ಕೆ ಎದುರಾಗಿ ತಿರುಗಿಸಲು ಸಿದ್ಧಳಾಗಿ ತಿರುಗಿಸಿದಳು. ಎದುರಿಗೆ ಯಾರೂ ಇರಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲು ಇದೆ ಎಂದು ಕಾಲಿಟ್ಟವರಿಗೆ ಆಗುವಂತೆ ಅವಳ ಇಡೀ ಮೈ ಮುಗ್ಗರಿಸಿತು. ಡ್ರೈವರ್ ಒಂದು ಸುತ್ತು ಹಾಗೇ ತಿರುಗಿತು, ಇನ್ನೊಂದು ಅರ್ಧ, ಅಷ್ಟೇ, ಸ್ಕ್ರೂ ಪಕ್ಕಕ್ಕೆ ವಾಲಿ ಟವೆಲಿನ ಮೇಲೆ ಬಿತ್ತು. ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಮೈಯ ಸುರುಳಿಯೆಲ್ಲ ಹೊಸದರ ಹಾಗೆ ಕಪ್ಪಗಿತ್ತು, ತುದಿಯ ಒಂದೆರಡು ಸುತ್ತು ಮಾತ್ರ ಓರೆಯಾಗಿ ಸವೆದು ಹೊಳೆಯುತ್ತಿತ್ತು. ಅವನು ಅದನ್ನು ಬಿಗಿದೇ ಇರಲಿಲ್ಲ. ಸೊಟ್ಟಗೆ ತೂರಿಸಿದ್ದ, ಮುಂದಕ್ಕೆ ನೂಕಲು ಕೈಲಿ ಆಗಿರಲಿಲ್ಲ. ಅಷ್ಟು ಹೊತ್ತು ಬೆನ್ನು ತಿರುಗಿಸಿ ಕೂತು ಅವನು ಮಾಡಿದ್ದು ಅದು. ಕೈಯಲ್ಲಿ ಇಲ್ಲದ ಬಲವನ್ನು ಹುಡುಕುತ್ತಿದ್ದ, ಸಿಗದೆ ಜಾರುತ್ತಿದ್ದ, ಮತ್ತೆ ಹುಡುಕುತ್ತಿದ್ದ. ಆಮೇಲೆ ಎದ್ದು ಎಡಗೈಯಲ್ಲಿ ಕೊಟ್ಟ, ಬಲಗೈಯಲ್ಲಿ ಎತ್ತಲು ಆಗದೆ. ಯಾರ ಕೈಲೂ ಬಿಚ್ಚೋಕಾಗಲ್ಲ ಎಂದಾಗ ಅವನ ಮುಖ ಹೇಗಿತ್ತು? ಅವಳು ಎಷ್ಟು ಹಿಂದಕ್ಕೆ ಹೋಗಿ ನೋಡಿದರೂ ಮುಖ ಕಾಣಿಸಲಿಲ್ಲ. ಅವಳು ನೋಡಿಯೇ ಇರಲಿಲ್ಲ. ಕಸಿದುಕೊಂಡು ತಿರುಗಿದ್ದಳು.

ಯಾವುದೋ ಯಂತ್ರದ ಹಾಗೆ ಅವಳ ಕೈ ಉಳಿದ ಕೆಲಸ ಮಾಡಿತು. ಪ್ಲಾಸ್ಟಿಕ್ಕಿನ ಪಟ್ಟಿಯಿಂದ ತಳವನ್ನು ಮೆಲ್ಲಗೆ ಎಬ್ಬಿಸಿದಳು, ಬ್ಯಾಟರಿಯ ತಂತಿ ಕಿತ್ತಳು, ಅದನ್ನು ಹಿಡಿದಿದ್ದ ಚಿಕ್ಕ ಸ್ಕ್ರೂಗಳನ್ನೂ ಬಿಚ್ಚಿದಳು. ಬೆಳ್ಳಿಯ ಬಣ್ಣದ, ದಿಂಬಿನ ಹಾಗೆ ಉಬ್ಬಿದ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಹೋಗಿ, ಒಣ ಮಣ್ಣು ತುಂಬಿದ ಒಡಕು ಬಕೆಟ್ಟಿನಲ್ಲಿ ಇಟ್ಟು ಬಂದಳು. ಅತ್ತೆ ಹಾಗೇ ಕೂತಿದ್ದರು. ಮಡಿಲಲ್ಲಿ ಸುಲಿಯದ ಬಟಾಣಿ ಉಳಿದಿತ್ತು.

"ಬಂತಾ?"

"ಬಂತು ಅತ್ತೆ." ಈ ಮುದುಕಿಗೆ ಉಳಿದಿರುವುದು ಆ ಒಂದು ಹೆಮ್ಮೆ. ಬಂದವರಿಗೆಲ್ಲ ನಲ್ಲಿ ತೋರಿಸಿ ಹೇಳುತ್ತಾರೆ, ನನ್ನ ಮಗ ಬಿಗಿದದ್ದು ಅಂತ. "ಪ್ರಾಣ ತೆಗೀತು. ಎಷ್ಟು ಬಿಗಿ ಹಾಕಿದ್ರು ಅಂತೀರಿ, ಕಲ್ಲು. ಅರ್ಧ ಕೊಯ್ದು ತೆಗೆದೆ."



"ಸುಳ್ಳು ಹೇಳೋಕೆ ನಿನಗೆ ಬರಲ್ಲ ಕಣೇ," ಎಂದರು ಅತ್ತೆ. "ಜಗಳ ಆಡೋಕೆ ಬರುತ್ತೆ, ಸುಳ್ಳು ಬರಲ್ಲ. ಆ ಹೊತ್ತಿಗೆ ಅವನ ಕೈಲಿ ಏನೂ ಆಗ್ತಿರಲಿಲ್ಲ."

"ಏನಂದ್ರಿ?"

"ಬೂಟಿನ ಲೇಸು ನಾನೇ ಕಟ್ತಾ ಇದ್ದೆ. ಬೆಳಿಗ್ಗೆ ಹೊತ್ತು. ನೀನು ಆ ಕಿವಿದು ಹಾಕ್ಕೊಂಡು ಆ ಕಡೆ ತಿರುಗಿ ಕೂತಿರ್ತಿದ್ದೆ. ಅವನು ಬಾಗಿಲ ಹತ್ರ ಕಾಲು ಚಾಚೋನು, ನಾನು ಕಟ್ಟೋಳು. ಚಿಕ್ಕವನಿದ್ದಾಗ ಕಟ್ತಿದ್ದೆನಲ್ಲ, ಹಂಗೆ."

ಅವಳ ಬಾಯಿಗೆ ಬಂದದ್ದು ಸಿಟ್ಟೇ. "ನನಗ್ಯಾಕೆ ಹೇಳಲಿಲ್ಲ? ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ತಾಯಿ ಮಗ ಸೇರ್ಕೊಂಡು..."

"ಹೇಳ್ಬೇಡ ಅಂದಿದ್ದ."

"ಯಾಕೆ?"

ಅತ್ತೆ ಮಡಿಲಿನ ಬಟಾಣಿಯನ್ನು ಕೈಯಿಂದ ಅತ್ತಿತ್ತ ಸರಿಸಿದರು. "ನಗ್ತಾಳೆ ಅಂದ. ನಕ್ಕರೆ ನಗಲಿ ಬಿಡೋ, ಆಮೇಲೆ ಅವಳೇ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ ಅಂದೆ. ಹ್ಞೂಂ, ಹೇಳ್ತೀನಿ, ಮೊದಲು ಅವಳ ಕೆಲಸದ್ದು ಸರಿಮಾಡಿಕೊಡ್ತೀನಿ, ಆಮೇಲೆ ಹೇಳ್ತೀನಿ ಅಂದ. ಅದಕ್ಕೇ ಅವತ್ತು ಅದನ್ನ ಬಿಚ್ಚಿ ಕೂತಿದ್ದು."

ರಸ್ತೆಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುತ್ತ ಕೂಗಿಕೊಂಡಿತು, ನಿಂತಿತು. ಅವಳು ಕುರ್ಚಿ ಎಳೆದು ಅತ್ತೆಯ ಎದುರಿಗೆ, ಮೇಜಿನ ಅಂಚಿಗೆ ಕೂತಳು. ಬೈಯಬೇಕೆಂದು ತೆರೆದ ಬಾಯಿಯಿಂದ ಬೇರೆಯದೇ ದನಿ ಬಂತು. ಅವಳದ್ದಲ್ಲದ, ಒಣಗಿದ, ಸಮಾಧಾನದ ದನಿ, ಅವಳು ಹೆಡ್‌ಫೋನಿನಲ್ಲಿ ವರ್ಷಗಟ್ಟಲೆ ಕೇಳಿದ್ದು.

"ಯಾವ ಕೈ?"

"ಬಲಗೈ."

"ಬೆರಳಿಂದ ಶುರುವಾಯ್ತಾ, ಭುಜದಿಂದಾ?"

"ಬೆರಳಿಂದ. ಹೆಬ್ಬೆಟ್ಟು ಮೊದಲು."

"ನೋವಿತ್ತಾ?"

"ಇಲ್ಲ ಅಂತಿದ್ದ. ಮರಗಟ್ಟುತ್ತೆ ಅಂತಿದ್ದ."

"ತಲೆನೋವು?"

"ಬೆಳಿಗ್ಗೆ ಏಳೋವಾಗ. ಆಮೇಲೆ ಬಿಡ್ತಿತ್ತು."

"ಮಾತು ತೊದಲ್ತಿದ್ರಾ?"

"ಒಂದೊಂದ್ಸಲ. ನಿನ್ನ ಹೆಸರು ಕರೆಯೋಕೆ ಹೋಗಿ ನಿಲ್ತಿದ್ದ. ಅದಕ್ಕೇ ಕರೀತಾನೇ ಇರಲಿಲ್ಲ."

ಯಾವುದನ್ನೂ ಮುದುಕಿ ಮರೆತಿರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರವಿತ್ತು, ಆಸ್ಪತ್ರೆಯ ಆ ಹಸಿರು ಕಾರಿಡಾರಿನಲ್ಲೂ ಇತ್ತು, ಯಾರೂ ಒಳಗೆ ಕರೆದು ಕೇಳಿರಲಿಲ್ಲ. ಅವಳು ಕೇಳುತ್ತ ಹೋದಳು. ನಡೆಯುವಾಗ ಒಂದು ಕಡೆಗೆ ವಾಲುತ್ತಿದ್ದರಾ, ಕಣ್ಣು ಮಂಜಾಗುತ್ತಿತ್ತಾ, ನಿದ್ದೆಯಲ್ಲಿ ಬೆಚ್ಚುತ್ತಿದ್ದರಾ. ತನ್ನ ಪಕ್ಕದಲ್ಲೇ ಮಲಗುತ್ತಿದ್ದವನ ನಿದ್ದೆಯನ್ನು ಅವನ ತಾಯಿಯ ಹತ್ತಿರ ಕೇಳಿದಳು. ಅತ್ತೆ ನಡುವೆ ಒಮ್ಮೆ ನಿಲ್ಲಿಸಿ, ಮಂಜುಗಣ್ಣನ್ನು ಮೇಜಿನ ಕಡೆ ತಿರುಗಿಸಿದರು.

"ಅದೇನೇ ಸದ್ದು, ಟಕಟಕ ಅಂತ? ಮರದ ಮೇಲೆ ಏನು ಹೊಡೀತಾ ಇದ್ದೀಯ?"

ಅವಳು ಕೆಳಗೆ ನೋಡಿದಳು. ಅವಳ ಹತ್ತೂ ಬೆರಳು ಬರಿಯ ಮೇಜಿನ ಮೇಲೆ ಓಡುತ್ತಿದ್ದವು, ಒಂದಕ್ಷರವೂ ಬಿಡದೆ.

"ನೀವು ಹೇಳಿ ಅತ್ತೆ," ಅಂದಳು. "ನಿಲ್ಲಿಸಬೇಡಿ."